ಕಪನೂರದ ಆಚೆ

ಪಾಲಿಕೆ ಚುನಾವಣೆಗೆ ನಿಲ್ಲಬೇಕೆನ್ನುವವರು ಮೊದಲು ಪಕ್ಷದ ಕಚೇರಿಯ ಮೆಟ್ಟಿಲು ಹತ್ತುತ್ತಾರೆ ಎಂದು ಪೇಪರು ಓದುವವರು ತಿಳಿದಿರುತ್ತಾರೆ. ಕಲಬುರಗಿಯಲ್ಲಿ ಜಾಣರಾದವರು ಅದಕ್ಕೂ ಮೊದಲು ಭೀಮಶಾನ ಫೋನ್ ನಂಬರು ಹುಡುಕಿಕೊಳ್ಳುತ್ತಿದ್ದರು. ಭೀಮಶಾ ಯಾವ ಪಕ್ಷದ ಮುಖಂಡನೂ ಅಲ್ಲ, ಯಾವ ಸಮಾಜದ ಅಧ್ಯಕ್ಷನೂ ಅಲ್ಲ. ಪಾಲಿಕೆಯ ಹೆಣದ ಗಾಡಿಯ ಡ್ರೈವರು. ಗಾಡಿಯ ಮೈಮೇಲೆ ದೊಡ್ಡ ಅಕ್ಷರದಲ್ಲಿ ‘ಮುಕ್ತಿ ವಾಹನ’ ಎಂದು ಬರೆಸಿದ್ದರು, ಆದರೆ ಅದನ್ನು ಆ ಹೆಸರಿನಿಂದ ಕರೆದ ಒಬ್ಬ ಮನುಷ್ಯನನ್ನೂ ಅವನು ಕಂಡಿರಲಿಲ್ಲ.

ಮದುವೆಗೆ ಬರದವನನ್ನು ನಮ್ಮ ಜನ ನಾಲ್ಕು ದಿನ ಬೈದು ಬಿಟ್ಟುಬಿಡುತ್ತಾರೆ. ಮಣ್ಣಿಗೆ ಬರದವನನ್ನು ಬಿಡುವುದಿಲ್ಲ, ಓಟು ಹಾಕುವ ದಿನದವರೆಗೂ ನೆನಪಿಟ್ಟುಕೊಳ್ಳುತ್ತಾರೆ. ವಾರ್ಡಿನಲ್ಲಿ ಯಾರಾದರೂ ತೀರಿಕೊಂಡರೆ ಬೀಗರಿಗೆ ಸುದ್ದಿ ಮುಟ್ಟುವ ಮೊದಲೇ ಭೀಮಶಾನಿಗೆ ಗಾಡಿ ಬೇಕೆಂದು ಫೋನು ಬರುತ್ತಿತ್ತು. ಹೀಗಾಗಿ ಚುನಾವಣೆಯ ಗಾಳಿ ಬೀಸತೊಡಗಿದರೆ ಸಾಕು, ಇಸ್ತ್ರಿ ಮಾಡಿದ ಬಿಳಿ ಅಂಗಿಯವರು ಅವನನ್ನು ಹೋಟೆಲಿಗೆ ಕರೆದು ಚಹಾ ಕುಡಿಸಿ, “ಭೀಮಶಾ ಅಣ್ಣ, ನಮ್ಮ ಕಡೆ ಏನರ ಆದ್ರ ಜರಾ ತಿಳಸು” ಎನ್ನುತ್ತಿದ್ದರು. ‘ಏನರ ಆದ್ರ’ ಎಂದರೆ ಯಾರಾದರೂ ಸತ್ತರೆ ಎಂದು ಅರ್ಥ. ಭೀಮಶಾ ತಿಳಿಸುತ್ತಿದ್ದ. ಅದರಲ್ಲಿ ಪಾಪವೇನೂ ಅವನಿಗೆ ಕಾಣಲಿಲ್ಲ. ಸತ್ತವರ ಮನೆಗೆ ಒಬ್ಬ ಮನುಷ್ಯ ಹೆಚ್ಚಿಗೆ ಬಂದರೆ ಒಳ್ಳೆಯದೇ ಅಲ್ಲವೆ, ಯಾವ ಕಾರಣಕ್ಕೆ ಬಂದರೂ.

ಹಾಗೆ ಬಂದವರಲ್ಲಿ ದಿಲೀಪ ಒಬ್ಬ. ಸೂಪರ್ ಮಾರ್ಕೆಟ್ಟಿನಲ್ಲಿ ಅವನದು ಬಟ್ಟೆ ಅಂಗಡಿ. ವ್ಯಾಪಾರಿಯ ನಾಲಗೆ, ನಗುವ ಮುಖ, ಆದರೆ ಪಾಲಿಕೆಯ ಕೆಲಸ ಹೇಗೆ ನಡೆಯುತ್ತದೆ ಎನ್ನುವುದರ ತಲೆಬುಡ ಗೊತ್ತಿರಲಿಲ್ಲ. ಸತ್ತವರ ಮನೆಯ ಹೊರಗೆ, ಒಳಗಿನ ಅಳು ಕೇಳುತ್ತ, ಗಾಡಿಯ ನೆರಳಿನಲ್ಲಿ ನಿಂತು ಭೀಮಶಾ ಅವನಿಗೆ ಪಾಠ ಹೇಳಿದ.

“ನೋಡ್ರಿ ದಿಲೀಪಣ್ಣ, ಮಣ್ಣಿಗೆ ಬಂದ ಮಂದಿ ನಿಮ್ಮ ಮುಂದ ಗಟಾರದ ಮಾತು ತೆಗೀತಾರ. ಹೂಂ ಅಂತ ಒಮ್ಮೆಲೇ ಒಪ್ಕೋಬ್ಯಾಡ್ರಿ. ಗಟಾರ ತುಂಬ್ಯದ ಅಂದ್ರ ಹೆಲ್ತ್ ಸೆಕ್ಷನ್‌ಗೆ ಹೋಗ್ರಿ. ಒಡದದ, ಕಟ್ಟಿಸಬೇಕು ಅಂದ್ರ ಇಂಜಿನಿಯರ್ ಕಡೆ ಹೋಗ್ರಿ. ನೆಲದ ಒಳಗಿನ ಪೈಪು ಅಂದ್ರ ಅದು ಬ್ಯಾರೇ ಮಂಡಳಿ, ನಮ್ದಲ್ಲ.”

“ಬೀದಿ ದೀಪ?”

“ಕಂಬ ಕರೆಂಟಿನವ್ರದು, ಬಲ್ಬು ನಮ್ದು.”

ದಿಲೀಪ ನಕ್ಕ. “ಹಂಗಾದ್ರ ಕಾರ್ಪೊರೇಟರ್ ಆದವನ್ದು ಏನಪಾ?”

“ಕೇಳೋದು. ಬಾಗಲಿ ಬಾಗಲಿಗೆ ಹೋಗಿ ಕೇಳೋದು, ಸಭಾದಾಗ ಎದ್ದು ನಿಂತು ಕೇಳೋದು. ಯಾವ ಬಾಗಲಿ ಯಾರ್ದು ಅಂತ ಮಂದಿಗೆ ಗೊತ್ತಿರಾಂಗಿಲ್ಲ, ನಿಮಗ ಗೊತ್ತಿರಬೇಕು.”

ಹೀಗೆ ಪಾಠ ಮುಗಿಸಿದ ಮೇಲೆ ಭೀಮಶಾ ಪ್ರತಿಯೊಬ್ಬರಿಗೂ ಹೇಳುವ ಮಾತನ್ನು ದಿಲೀಪನಿಗೂ ಹೇಳಿದ. “ಆರಿಸಿ ಬಂದ್ರ ನಂದೊಂದು ಕೇಳ್ರಿ. ಈ ಗಾಡಿ ಕಪನೂರ ದಾಟಿ ಕಮಲಾಪುರದ ತನಕ ಹೋಗಾಕ ಪರವಾನಗಿ ಕೊಡಸ್ರಿ. ಮತ್ತೇನೂ ಬ್ಯಾಡ ನನಗ.”

ದಿಲೀಪ ಎದೆಯ ಮೇಲೆ ಕೈಯಿಟ್ಟುಕೊಂಡು ಆಗಲಿ ಎಂದ. ಅವನಿಗಿಂತ ಮುಂಚಿನವರೂ ಹಾಗೆಯೇ ಎಂದಿದ್ದರು.

ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿ ಮುಗಿಯುವುದು ಕಪನೂರದ ಹತ್ತಿರ. ಸಣ್ಣ ಕಾರ್ಖಾನೆಗಳು, ವೆಲ್ಡಿಂಗ್ ಶಾಪುಗಳು, ಬೇಳೆ ಮಿಲ್ಲುಗಳು, ಅವುಗಳ ನಡುವೆ ಸದಾ ಹಾರುವ ಧೂಳು. ಭೀಮಶಾನಿಗಿಂತ ಮೊದಲು ಹೆಣದ ಗಾಡಿ ಓಡಿಸುತ್ತಿದ್ದವನು ತುಕಾರಾಮ. ಅವನು ನಿವೃತ್ತನಾಗಿ ಕೀಲಿ ಒಪ್ಪಿಸುವಾಗ ಬ್ರೇಕಿನ ವಿಷಯ, ಡೀಸೆಲ್ ವಿಷಯ ಎಲ್ಲ ಹೇಳಿ ಕೊನೆಗೆ, “ಕಪನೂರ ದಾಟಬಾರ್ದು ನೋಡು, ಅಲ್ಲಿಗೆ ನಮ್ದು ಮುಗೀತು” ಎಂದಿದ್ದ. ನಗರದ ಗಾಡಿ ನಗರ ಮುಗಿದಲ್ಲಿ ನಿಲ್ಲಬೇಕು ಎನ್ನುವುದು ಭೀಮಶಾನಿಗೆ ನ್ಯಾಯವಾಗಿಯೇ ಕಂಡಿತು. ಗುತ್ತಿಗೆಯ ನೌಕರಿ ಬೇರೆ. ಹೆಚ್ಚುಕಡಿಮೆಯಾದರೆ ನಾಳೆಯಿಂದ ಬರಬೇಡ ಎಂದು ಫೋನಿನಲ್ಲೇ ಹೇಳಿಬಿಡುತ್ತಾರೆ. ಅವನು ಯಾಕೆ ಎಂದು ಕೇಳಲಿಲ್ಲ.

ಆದರೆ ಸಾವಿಗೆ ಊರಿನ ಗಡಿ ಎಲ್ಲಿಯದು. ಸುತ್ತಲಿನ ಹಳ್ಳಿಗಳ ಜನ ರೋಗ ಬಂದರೆ ಕಲಬುರಗಿಯ ದವಾಖಾನೆಗಳಿಗೆ ಬರುತ್ತಾರೆ, ಬಂದವರಲ್ಲಿ ಕೆಲವರು ಇಲ್ಲೇ ತೀರಿಕೊಳ್ಳುತ್ತಾರೆ. ಕೈಲಾಗದವರು ಭೀಮಶಾನ ಗಾಡಿಯನ್ನೇ ಕೇಳುತ್ತಿದ್ದರು. ಅವನು ಕಪನೂರದವರೆಗೆ ಒಯ್ದು, ರಸ್ತೆಯ ಬದಿಗೆ ಬೇವಿನ ಮರದ ಕೆಳಗೆ ಚಾಪೆ ಹಾಸಿ, ಹೆಣವನ್ನು ಇಳಿಸಿಕೊಟ್ಟು ಕೈಮುಗಿದು ತಿರುಗುತ್ತಿದ್ದ. ಅಲ್ಲಿಂದ ಮುಂದೆ ಅವರು ಬೇರೆ ಗಾಡಿ ನೋಡಿಕೊಳ್ಳಬೇಕು. ಹೆಣ ಹೊತ್ತ ಟೆಂಪೋದಲ್ಲಿ ಕಾಳಿನ ಪೇಟೆಯಾದ ನೆಹರು ಗಂಜಿನ ವ್ಯಾಪಾರಿಗಳು ತೊಗರಿ ಹೇರಿಸುವುದಿಲ್ಲವೆಂದು ಟೆಂಪೋದವರು ಯಾರೂ ಒಪ್ಪುತ್ತಿರಲಿಲ್ಲ. ಸೊಹೇಲ್ ಎನ್ನುವ ಒಬ್ಬ ಮಾತ್ರ ಬರುತ್ತಿದ್ದ. ಗಂಜಿನಲ್ಲಿ ಮಾಲು ಇಳಿಸಿ ಬರುವತನಕ ಕಾಯಬೇಕು, ಅಷ್ಟೇ. ಒಯ್ದುಬಿಟ್ಟು ಬಂದ ಮೇಲೆ ಟೆಂಪೋ ತೊಳೆದು, ಯಾರಿಗೂ ಹೇಳದೆ ಮತ್ತೆ ಗಂಜಿಗೆ ಹೋಗುತ್ತಿದ್ದ.

ಭೀಮಶಾನ ತಾಯಿ ಅಂಬಮ್ಮ ಒಮ್ಮೆ ಕಮಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಕಮಲಾಪುರ ಅವರ ಸ್ವಂತ ಊರು. ಗಂಡನನ್ನು ಅಲ್ಲಿಯ ಹೊಲದ ಬದುವಿನಲ್ಲಿ ಮಣ್ಣು ಮಾಡಿದ ಮೇಲೆ ಮಗನ ಜೊತೆ ಕಲಬುರಗಿಗೆ ಬಂದಿದ್ದಳು, ಹಬ್ಬ ಹುಣ್ಣಿಮೆಗೆ ಹೋಗಿ ಬರುತ್ತಿದ್ದಳು. ಕಪನೂರದಲ್ಲಿ ಬಸ್ಸು ನಿಧಾನವಾದಾಗ ಕಿಟಕಿಯಿಂದ ನೋಡಿದರೆ ಬೇವಿನ ಮರದ ಕೆಳಗೆ ಒಂದು ಹೆಣ, ಪಕ್ಕದಲ್ಲಿ ಕೂತ ಹೆಂಗಸು ಸೆರಗಿನಿಂದ ನೊಣ ಹೊಡೆಯುತ್ತಿದ್ದಾಳೆ. ಬಸ್ಸಿನ ಜನ ಕಣ್ಣಿಗೆ ಕೈ ಮುಟ್ಟಿಸಿಕೊಂಡು ಆಚೆ ನೋಡಿದರು. ಅಂಬಮ್ಮ ನೋಡಿದ್ದು ಊರ ಕಡೆ ತಿರುಗಿ ಹೊರಟ ಗಾಡಿಯನ್ನು. ಅದನ್ನು ಓಡಿಸುವವನು ತನ್ನ ಮಗ.

ಅಂದು ಅವಳು ಮಗನ ಎದುರು ಊಟಕ್ಕೆ ಕೂಡಲಿಲ್ಲ. ಮರುದಿನ ರೊಟ್ಟಿ ಬಡಿಯುತ್ತ, ಅವನ ಕಡೆ ತಿರುಗದೆ ಹೇಳಿದಳು. “ಎಲ್ಲಾರ್ನೂ ನೀ ಏನರ ಮಾಡು. ನೌಕರಿ ನಿಂದು. ನನ್ನ ಮಾತ್ರ ಆ ರಸ್ತಾದಾಗ ಇಳಸಬ್ಯಾಡಪ. ಎತ್ತಿದ್ರ ನಿಮ್ಮಪ್ಪನ ಮಗ್ಗಲಕ್ಕೇ ಇಳಸಬೇಕು.”

“ಇಳಸಾಂಗಿಲ್ಲವ್ವ.”

“ಹಂಗ ಬಾಯಿಮಾತಿಗೆ ಅನಬ್ಯಾಡ. ಭಾಷಾ ಕೊಡು.”

ಅವನು ಹಿಟ್ಟು ಹತ್ತಿದ ಅವಳ ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟ. ಕೊಟ್ಟನೇನೋ ಸರಿ, ಉಳಿಸಿಕೊಳ್ಳುವುದು ಹೇಗೆ. ಅಂದಿನಿಂದಲೇ ಅವನು ಚಹಾ ಕುಡಿಸುವ ಬಿಳಿ ಅಂಗಿಯವರಿಗೆಲ್ಲ ಕಮಲಾಪುರದ ಪರವಾನಗಿಯ ಮಾತು ಹೇಳತೊಡಗಿದ್ದು.

ಆ ನಡುವೆ ರೇವಣನ ಮಗಳ ಸಾವು ಬಂತು. ಕಮಲಾಪುರದಲ್ಲಿ ರೇವಣನ ಹೊಲ ಭೀಮಶಾನ ಹೊಲಕ್ಕೆ ಹತ್ತಿಯೇ ಇದೆ, ಇಬ್ಬರದೂ ಒಂದೇ ಬದು. ಸಣ್ಣವರಿದ್ದಾಗ ಒಂದೇ ಬಾವಿಯಲ್ಲಿ ಈಜು ಕಲಿತವರು. ರೇವಣನ ಮಗಳು ಸೃಷ್ಟಿ ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಜ್ವರ ಎಂದು ದವಾಖಾನೆಗೆ ಸೇರಿದವಳು ಮತ್ತೆ ಏಳಲಿಲ್ಲ. ಹುಡುಗಿಯನ್ನು ಊರಿಗೆ ಒಯ್ಯಲು ರೇವಣ ಬೇರೆ ಯಾರನ್ನೂ ಕೇಳಲಿಲ್ಲ. ಭೀಮಶಾ ಇದ್ದಾನಲ್ಲ ಎಂದುಕೊಂಡ.

ಕಪನೂರದಲ್ಲಿ ಗಾಡಿ ನಿಂತಾಗ ರೇವಣನಿಗೆ ಮೊದಲು ತಿಳಿಯಲಿಲ್ಲ. ಟೈರು ಏನಾದರೂ ಹೋಯಿತೋ ಎಂದು ಇಳಿದು ನೋಡಿದ. ಭೀಮಶಾ ಚಾಪೆ ತೆಗೆದಾಗ ತಿಳಿಯಿತು.

“ಭೀಮಶಾ, ಮಳಿ ಬರ್ಲಿಕ್ಕತ್ತದ. ಇನ್ನ ಜರಾ ಮುಂದ ನಡಿಯಪ. ಕೂಸದ ಅದು.”

“ಬರಾಂಗಿಲ್ಲ ರೇವಣ. ಕಾನೂನು ಅದ. ದಾಟಿದ್ರ ನನ್ನ ನೌಕರಿ ಹೋಗ್ತದ.”

ರೇವಣ ಬಾಗಿ ಅವನ ಕಾಲು ಹಿಡಿದ. ಒಂದೇ ಬಾವಿಯಲ್ಲಿ ಈಜಿದವನು ಕಾಲು ಹಿಡಿದಾಗ ಭೀಮಶಾನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಅವನು ಇಲ್ಲವೆಂದೇ ತಲೆಯಾಡಿಸಿದ. ಗಾಡಿಯಲ್ಲಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ರೇವಣನ ಹೆಂಡತಿ ಮಲ್ಲಿಕಾ, ಹುಡುಗಿಯನ್ನು ಇಳಿಸುವಾಗ ತಾನೂ ಹಾಗೆಯೇ ಇಳಿದು, ಮತ್ತೆ ಹಾಗೆಯೇ ನೆಲದ ಮೇಲೆ ಕೂತಳು. ಸೊಹೇಲ್ ಗಂಜಿನಲ್ಲಿ ಸಿಕ್ಕಿಕೊಂಡಿದ್ದ. ಭೀಮಶಾ ಜೊತೆಗೆ ನಿಲ್ಲಬೇಕೆಂದಿದ್ದ, ಅಷ್ಟರಲ್ಲಿ ಬೇರೆ ಕಡೆಯಿಂದ ಸಾವಿನ ಫೋನು ಬಂತು. ಅವನು ಹೊರಟಾಗ ಮಳೆ ಜೋರಾಗಿತ್ತು. ಮಲ್ಲಿಕಾ ಸೆರಗನ್ನು ಮಗಳ ಮುಖದ ಮೇಲೆ ಎಳೆದು ಹಿಡಿದಿದ್ದಳು. ವೆಲ್ಡಿಂಗ್ ಶಾಪಿನವರು ಒಂದು ತಾಡಪತ್ರಿ ತಂದುಕೊಟ್ಟರೆಂದು ಆಮೇಲೆ ಗೊತ್ತಾಯಿತು.

ಅದಾದ ಮೇಲೂ ರೇವಣ ಸಿಕ್ಕಾಗ ಮಾತಾಡಿಸುತ್ತಿದ್ದ. “ನೀ ಏನ್ ಮಾಡ್ತಿ, ಕಾನೂನಿನ ಮುಂದ” ಎಂದು ತಾನೇ ಸಮಾಧಾನ ಹೇಳುತ್ತಿದ್ದ. ಆ ಸಮಾಧಾನ ಭೀಮಶಾನಿಗೆ ಬೈಗುಳಕ್ಕಿಂತ ಹೆಚ್ಚು ಸುಡುತ್ತಿತ್ತು.

ದಿಲೀಪ ಆರಿಸಿ ಬಂದ. ಹೂವಿನ ಹಾರ ಒಣಗುವ ಮೊದಲೇ ಭೀಮಶಾ ಅವನ ಅಂಗಡಿಗೆ ಹೋಗಿ ನೆನಪು ಮಾಡಿಕೊಟ್ಟ. ದಿಲೀಪ ಕೆಟ್ಟವನಲ್ಲ, ಇದನ್ನು ಹೇಳಲೇಬೇಕು. ಒಮ್ಮೆ ಹೆಲ್ತ್ ಸೆಕ್ಷನ್ನಿನಲ್ಲಿ ಕೇಳಿದ. ಅಲ್ಲಿಯ ಗುಮಾಸ್ತ, ಗಾಡಿ ಎಲ್ಲಿಯತನಕ ಹೋಗಬೇಕೆನ್ನುವುದು ವಾಹನ ವಿಭಾಗದವರ ಮಾತು ಎಂದ. ವಾಹನ ವಿಭಾಗಕ್ಕೆ ಹೋದರೆ, ನಾವು ಡೀಸೆಲ್ ಹಾಕಿಸುವವರು, ಗಾಡಿ ಹೆಲ್ತ್‌ನವರದು ಎಂದರು. ಸಭೆಯಲ್ಲಿ ಎತ್ತೋಣ ಎಂದುಕೊಂಡರೆ ಸಭೆ ಮುಂದೆ ಹೋಯಿತು. ಮುಂದೆ ಹೋದ ಸಭೆ ಸೇರಿದಾಗ ಕುಡಿಯುವ ನೀರಿನ ಜಗಳದಲ್ಲೇ ಮುಗಿಯಿತು. ಎಲ್ಲರೂ ಜೀವಂತ ಇದ್ದವರ ನೀರಿಗೆ ಬಡಿದಾಡುವಾಗ ಸತ್ತವರ ಗಾಡಿಯ ಮಾತು ಎತ್ತಲು ಅವನಿಗೆ ಬಾಯಿ ಬರಲಿಲ್ಲ.

“ಆಗ್ತದ ಭೀಮಶಾ, ಜರಾ ತಡಿ” ಎನ್ನುತ್ತಿದ್ದ.

ಯಾವ ಬಾಗಿಲು ಯಾರದೆಂದು ಊರಿಗೆಲ್ಲ ಹೇಳಿಕೊಟ್ಟ ಭೀಮಶಾನಿಗೂ ಈ ಒಂದು ಬಾಗಿಲು ಯಾರದೆಂದು ಗೊತ್ತಿರಲಿಲ್ಲ. ಅವನೂ ತಡೆದ. ಅಂಬಮ್ಮ ತಡೆಯಲಿಲ್ಲ.

ಒಂದು ಮುಂಜಾನೆ ಚಹಾ ಕುಡಿದು ಲೋಟ ಕೆಳಗಿಟ್ಟವಳು ಗೋಡೆಗೆ ಒರಗಿದಳು. ಭೀಮಶಾ ಅಂಗಳದಲ್ಲಿ ಮುಖ ತೊಳೆದು ಒಳಗೆ ಬಂದಾಗ ಅವಳ ಕಣ್ಣು ತೆರೆದೇ ಇದ್ದವು, ನೋಟ ಇರಲಿಲ್ಲ. ದಿನಾ ಸಾವು ನೋಡುವವನಿಗೆ ತಾಯಿಯ ಸಾವು ಹಗುರವಾಗಿರುತ್ತದೆ ಎಂದು ಯಾರಾದರೂ ತಿಳಿದಿದ್ದರೆ ಅವರು ಆ ಮನುಷ್ಯನನ್ನು ಅಂದು ನೋಡಬೇಕಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡು ಚಿಕ್ಕ ಹುಡುಗನ ಹಾಗೆ ಅವ್ವಾ ಅವ್ವಾ ಎಂದು ಕರೆಯುತ್ತಲೇ ಇದ್ದ. ಯಾರಿಗೆ ಫೋನು ಮಾಡಬೇಕೆಂದು ಅವನಿಗೆ ಹೊಳೆಯಲಿಲ್ಲ. ಇಷ್ಟು ವರ್ಷ ಎಲ್ಲರೂ ಫೋನು ಮಾಡುತ್ತಿದ್ದದ್ದು ಅವನಿಗೇ.

ದಿಲೀಪ ಹಾರ ತೆಗೆದುಕೊಂಡು ಬಂದ. ತುಕಾರಾಮನೂ ಬಂದ, ಕೋಲು ಊರಿಕೊಂಡು, ಮೊಮ್ಮಗಳ ಆಸರೆಯಲ್ಲಿ. ಹೆಂಗಸರು ಅಂಬಮ್ಮನಿಗೆ ಮೈ ತೊಳೆಸುತ್ತಿದ್ದಾಗ ಭೀಮಶಾ ದಿಲೀಪನನ್ನು ಹೊರಗೆ ಕರೆದ.

“ಇವತ್ತೊಂದು ದಿನದ ಮಟ್ಟಿಗೆ ಪರವಾನಗಿ ಕೊಡಸ್ರಿ ದಿಲೀಪಣ್ಣ. ಅವ್ವಗ ಭಾಷಾ ಕೊಟ್ಟೀನಿ. ರಸ್ತಾದಾಗ ಇಳಸಾಕ ಆಗಾಂಗಿಲ್ಲ ನನಗ.”

ದಿಲೀಪ ಈ ಬಾರಿ ಗುಮಾಸ್ತರನ್ನು ಬಿಟ್ಟು ನೇರವಾಗಿ ಹೆಲ್ತ್ ಸೆಕ್ಷನ್ನಿನ ಅಧಿಕಾರಿಗೇ ಫೋನು ಹಚ್ಚಿದ. ಭೀಮಶಾನೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ.

“ಕಮಲಾಪುರಕ್ಕ ಒಯ್ಲಿ, ಅದರಾಗೇನದ” ಎಂದಿತು ಆ ಕಡೆಯ ದನಿ. “ಹೋಗಬಾರ್ದು ಅಂತ ಯಾರಂದಾರ?”

“ಕಪನೂರ ದಾಟಬಾರ್ದು ಅಂತ ನಿಯಮ ಅದ ಅಂತಲ್ರಿ ಸಾಹೇಬ್ರ.”

“ನಾ ಬಂದಾಗಿಂದ ಅಂಥಾ ಆದೇಶ ನೋಡಿಲ್ರಿ ನಾನು. ವಾಹನ ವಿಭಾಗದವ್ರದು ಏನರ ಇದ್ರ ಕೇಳ್ರಿ.”

ವಾಹನ ವಿಭಾಗದ ಮೇಲ್ವಿಚಾರಕ, ತಾನು ಅದು ಹೆಲ್ತ್‌ನವರ ನಿಯಮವೆಂದೇ ತಿಳಿದಿದ್ದಾಗಿ ಹೇಳಿದ. ಡ್ರೈವರು ಎಂದೂ ಕಪನೂರದಾಚೆಗೆ ಡೀಸೆಲ್ ಕೇಳಿರಲಿಲ್ಲ, ಹೀಗಾಗಿ ಇವರೂ ಎಂದೂ ಇಲ್ಲವೆಂದಿರಲಿಲ್ಲ. ಕೇಳಿದ್ದರೆ ಹಾಕಿಸಿ ಕೊಡುತ್ತಿದ್ದೆವಲ್ಲ ಎಂದ.

ಭೀಮಶಾ ತುಕಾರಾಮನ ಮುಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತ. “ಕಾಕಾ, ಕಪನೂರ ದಾಟಬಾರ್ದು ಅಂತ ನಿಮಗ ಯಾರ್ ಹೇಳಿದ್ರು?”

ಮುದುಕ ಕೋಲನ್ನು ಪಕ್ಕಕ್ಕಿಟ್ಟ. “ನಮ್ಮ ಕಾಲದಾಗ ಹಳೇ ಮಟಾಡೋರ್ ಗಾಡಿ ಇತ್ತಲ್ಲೋ. ದೂರ ಹೋದ್ರ ಇಂಜಿನ್ ಕುದೀತಿತ್ತು. ಒಮ್ಮೆ ಕಪನೂರದ ಆಚೆ ಹೆಣದ ಸಂಗಟನೇ ನಿಂತುಬಿಡ್ತು. ಆಗಿನ ಸಾಹೇಬ್ರು, ಈ ಗಾಡಿ ಇನ್ನ ಕಪನೂರ ದಾಟಿಸಬ್ಯಾಡ ಅಂದ್ರು.”

“ಹೊಸಾ ಗಾಡಿ ಬಂದಾಗ ಮತ್ತ ಕೇಳ್ಲಿಲ್ಲೇನ್ರಿ?”

“ನಾ ಕೇಳ್ಲಿಲ್ಲ” ಎಂದ ತುಕಾರಾಮ. ಆಮೇಲೆ ಮೆಲ್ಲಗೆ, “ನೀನೂ ಕೇಳ್ಲಿಲ್ಲಲ್ಲೋ” ಎಂದ.

ದಿಲೀಪನಿಗೆ ಮಾತ್ರ ಕೆಲಸವಾದ ಸಂತೋಷ. ಭೀಮಶಾನ ಬೆನ್ನ ಮೇಲೆ ಕೈಯಾಡಿಸಿ, “ನೋಡು, ನಿಂದು ಆಗೇ ಹೋಯ್ತು” ಎಂದ.

ಅಂಬಮ್ಮನನ್ನು ಗಾಡಿಯಲ್ಲಿ ಮಲಗಿಸಿದರು. ಬೇರೆ ಯಾರಾದರೂ ಓಡಿಸಲಿ ಎಂದು ನೆಂಟರು ಹೇಳಿದರೂ ಭೀಮಶಾ ಕೇಳಲಿಲ್ಲ, ತಾನೇ ಸ್ಟಿಯರಿಂಗ್ ಹಿಡಿದ. ಕಪನೂರ ಬಂತು. ಬೇವಿನ ಮರದ ಹತ್ತಿರ ಸೊಹೇಲ್ ಟೆಂಪೋ ನಿಲ್ಲಿಸಿಕೊಂಡು ಹಿಂದಿನ ಹಲಗೆ ಇಳಿಸಿ ಕಾಯುತ್ತಿದ್ದ. ಸುದ್ದಿ ಕೇಳಿ, ಗಂಜಿನ ಮಾಲು ಬಿಟ್ಟು, ಯಾರೂ ಹೇಳದೆಯೇ ಬಂದಿದ್ದ. ಭೀಮಶಾನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಗಾಡಿ ನಿಧಾನವಾಯಿತು, ನಿಲ್ಲುವುದರಲ್ಲಿತ್ತು. ಹಿಂದೆ ಕೂತ ಹೆಂಗಸರ ಅಳು ಒಮ್ಮೆ ತಡೆದಂತಾಯಿತು. ಅವನು ಕಾಲು ತೆಗೆದ. ಸೊಹೇಲ್ ಗಾಡಿ ಮುಂದೆ ಹೋಗುವುದನ್ನು ನೋಡುತ್ತ, ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಲ್ಲೇ ನಿಂತ.

ಏನೂ ಆಗಲಿಲ್ಲ. ಯಾರೂ ಅಡ್ಡ ಬರಲಿಲ್ಲ, ಯಾರೂ ಫೋನು ಮಾಡಲಿಲ್ಲ. ರಸ್ತೆ ಹಿಂದಿನಷ್ಟೇ ಕರ್ರಗೆ ಮುಂದಕ್ಕೆ ಹೋಗಿತ್ತು, ಎರಡೂ ಬದಿಗೆ ತೊಗರಿ ಹೊಲಗಳು ಇದ್ದವು. ಇಂಜಿನ್ ಬಿಸಿಯಾಗಲಿಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಷ್ಟು ಸಲೀಸಾಗಿ ಊರುಗಳು ಹಿಂದಾದವು. ಇಷ್ಟೇ ಇತ್ತಲ್ಲ ಎಂದು ಭೀಮಶಾನಿಗೆ ಅನ್ನಿಸಿತು. ಇಷ್ಟಕ್ಕಾಗಿ ಎಷ್ಟು ಜನರನ್ನು ಧೂಳಿನಲ್ಲಿ ಇಳಿಸಿದೆ, ಯಾರ್ಯಾರ ಕೈ ಬಿಡಿಸಿಕೊಂಡೆ. ಗಂಡನ ಮುಖದ ನೊಣ ಹೊಡೆದ ಹೆಂಗಸು, ಅಪ್ಪನ ಹೆಣದ ಪಕ್ಕ ಉರಿಬಿಸಿಲಿನಲ್ಲಿ ಕೊಡೆ ಹಿಡಿದು ನಿಂತ ಮಗ, ಒಬ್ಬೊಬ್ಬರೇ ನೆನಪಾದರು. ತಾಯಿಗೆ ಕೊಟ್ಟ ಮಾತು ಉಳಿಯುತ್ತಿತ್ತು, ಆದರೆ ಅವನ ಎದೆಯಲ್ಲಿ ನೆಮ್ಮದಿಯ ಬದಲು ಕೆಂಡ ಇತ್ತು. ಕಣ್ಣು ಒರೆಸಿಕೊಳ್ಳುತ್ತ ಒರೆಸಿಕೊಳ್ಳುತ್ತ ಕಮಲಾಪುರ ಮುಟ್ಟಿದ.

ಬದುವಿನಲ್ಲಿ ಕುಣಿ ತಯಾರಿತ್ತು. ತೋಡಿದವನು ರೇವಣ. ಪಕ್ಕದ ಹೊಲದವನು, ಅವನನ್ನು ಕರೆಯಬೇಕಾಗಿಯೂ ಇರಲಿಲ್ಲ. ಮೊಣಕಾಲಿನವರೆಗೆ ಮಣ್ಣು ಮೆತ್ತಿಕೊಂಡು, ಅಂಬಮ್ಮನನ್ನು ಇಳಿಸುವಾಗ ತಲೆಯ ಕಡೆ ತಾನೇ ಹಿಡಿದ. ಚಿಕ್ಕಂದಿನಲ್ಲಿ ಅವಳ ಕೈಯ ರೊಟ್ಟಿ ತಿಂದವನು. ಜನ ಮಣ್ಣು ಕೊಟ್ಟರು. ಭೀಮಶಾ ಎಂಥ ಮಗ, ತಾಯಿಯನ್ನು ದಾರಿಯಲ್ಲಿ ಇಳಿಸದೆ ತಂದ ಎಂದು ಹಿರಿಯರು ಒಬ್ಬರಿಗೊಬ್ಬರು ಹೇಳಿಕೊಂಡರು. ದಿಲೀಪ ನಾಲ್ಕು ಮಾತಾಡಿ, ಎಲ್ಲರಿಗೂ ಕೈಮುಗಿದು ತನ್ನ ಕಾರಿನಲ್ಲಿ ಹೊರಟ.

ಜನ ಕರಗಿದ ಮೇಲೆ ರೇವಣ ಸನಿಕೆ ಊರಿಕೊಂಡು ನಿಂತಿದ್ದ. ಹೊಲದ ಬದಿಯಲ್ಲಿ ನಿಂತ ಗಾಡಿಯನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದ.

“ಪರವಾನಗಿ ಸಿಕ್ತೇನಪ?” ಎಂದ. “ಚಲೋ ಆಯ್ತು ಬಿಡು. ಇನ್ನ ಮ್ಯಾಲರ ನಮ್ಮ ಕಡಿ ಮಂದಿಗೆ ಅನುಕೂಲ ಆಗ್ತದ.”

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತಾಯಿಯ ಮೇಲಿನ ಮಣ್ಣು ಇನ್ನೂ ಹಸಿಯಾಗಿತ್ತು, ಅದರ ಎದುರು ನಿಂತು ಭೀಮಶಾನಿಗೆ ಸುಳ್ಳು ಹೇಳಲಾಗಲಿಲ್ಲ.

“ಪರವಾನಗಿ ಬೇಕಾಗೇ ಇರ್ಲಿಲ್ಲ ರೇವಣ. ಅಂಥಾ ಕಾನೂನು ಇಲ್ಲ. ಯಾರೂ ಮಾಡಿಲ್ಲ. ಇವತ್ತೇ ಗೊತ್ತಾಯ್ತು ನನಗ. ಅವತ್ತೂ ಗಾಡಿ ಬರ್ತಿತ್ತು.”

ರೇವಣ ತನ್ನ ಮೇಲೆ ಕೈ ಮಾಡುತ್ತಾನೆ ಎಂದು ಭೀಮಶಾ ಅಂದುಕೊಂಡ, ಮಾಡಲಿ ಎಂದೂ ಆಸೆಪಟ್ಟ. ರೇವಣ ಸನಿಕೆಯನ್ನು ನೆಲದ ಮೇಲಿಟ್ಟು ಕೂತ. ಅಂಗೈಗೆ ಹತ್ತಿದ ಮಣ್ಣನ್ನು ಉಜ್ಜಿ ಉಜ್ಜಿ ತೆಗೆಯತೊಡಗಿದ.

“ಹೇಳಬಾರ್ದಾಗಿತ್ತು ನೀನು” ಎಂದ ಕೊನೆಗೆ. “ಮಳಿ ಬಂದಾಗೆಲ್ಲ ಮಲ್ಲಿಕಾ ಎದ್ದು ಕೂಡ್ತಾಳ. ಕೂಸಿನ್ನ ಯಾಕ ಇಳಿಸಿದ್ರು ಅಂತ ಕೇಳ್ತಾಳ. ಕಾನೂನು ಇತ್ತು ಮಲ್ಲಿ, ಯಾರೇನ್ ಮಾಡಾಕ ಆಗ್ತಿತ್ತು ಅಂತ ಹೇಳಿ ಮಲಗಸ್ತೀನಿ. ಅದೊಂದೇ ಇತ್ತು ನನ್ನ ಹಂತ್ಯಾಕ. ಇನ್ನ ಏನ್ ಹೇಳ್ಲಿ ಆಕಿಗೆ?”